ಎರಡು ಮನಸ್ಸಿನವರ ಎದುರು ಕೂತಾಗ

ಪುಟ್ಟೀ,

ಸೋಮವಾರ ನೀನು ವ್ಯಸನಮುಕ್ತಿ ಕೇಂದ್ರದಲ್ಲಿ ಕೆಲಸಕ್ಕೆ ಹಾಜರಾಗುತ್ತೀಯ. ಆ ಸುದ್ದಿ ಹೇಳಲು ಫೋನ್ ಮಾಡಿದವಳು ಕಡೆಗೆ ಒಂದು ಮಾತು ಕೇಳಿದೆ: “ದೊಡ್ಡಮ್ಮಾ, ಬಿಡೋಕೆ ಮನಸ್ಸೇ ಇಲ್ದೋರಿಗೆ ಮನಸ್ಸು ಬರ್ಸೋದು ಹೇಗೆ?” ಆಗ ಏನೋ ಹೇಳಿ ಫೋನ್ ಇಟ್ಟೆ. ಮೂವತ್ತೆರಡು ವರ್ಷ ಸರ್ಕಾರಿ ಆಸ್ಪತ್ರೆಗಳ ಮನೋರೋಗ ವಿಭಾಗದಲ್ಲಿ ನರ್ಸಾಗಿದ್ದವಳು ನಾನು. ಇಂಥ ಪ್ರಶ್ನೆಗೆ ನಿಂತ ಕಾಲಲ್ಲೇ ಉತ್ತರ ಕೊಡಬಾರದು ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಎಂಎಸ್‌ಡಬ್ಲ್ಯು ಪಾಠದಲ್ಲಿ ಬಂದಿರುವುದು ನಿನಗೆ ಗೊತ್ತೇ ಇರುತ್ತದೆ. ವಾರ್ಡಿನಲ್ಲೂ ನಮ್ಮ ಮನೆಯಲ್ಲೂ ನಾನು ಕಂಡದ್ದನ್ನು ಹೇಳುತ್ತೇನೆ.

ಮನಸ್ಸೇ ಇಲ್ಲದವರನ್ನು ನಾನು ನೋಡಿಲ್ಲ ಕಣೇ. ನೋಡಿದವರೆಲ್ಲ ಎರಡು ಮನಸ್ಸಿನವರು. ಒಂದು ಮನಸ್ಸು ‘ಸಾಕು’ ಅನ್ನುತ್ತಿರುತ್ತದೆ, ಇನ್ನೊಂದು ‘ಇವತ್ತೊಂದಿನ’ ಅನ್ನುತ್ತಿರುತ್ತದೆ. ಎರಡೂ ಅವರವೇ. ನೀನು ಹೋಗಿ ‘ಸಾಕು’ ಅನ್ನುವ ಮನಸ್ಸಿನ ಪರವಾಗಿ ಜೋರಾಗಿ ಮಾತಾಡಿಬಿಟ್ಟರೆ ಅವರ ಪಾಲಿಗೆ ಉಳಿಯುವುದು ಇನ್ನೊಂದರ ವಕಾಲತ್ತು. ‘ನಾನೇನು ದಿನಾ ಕುಡೀತೀನಾ?’ ‘ನಮ್ಮಪ್ಪನೂ ಕುಡೀತಿದ್ರು, ಎಂಬತ್ತು ವರ್ಷ ಬದುಕ್ಲಿಲ್ವಾ?’ ‘ಮೈಕೈ ನೋವು, ಅದಕ್ಕೇ.’ ಬಾಯಿಂದ ನಾಲ್ಕು ಸಲ ಬಂದ ಮಾತನ್ನು ಮನುಷ್ಯ ತಾನೇ ನಂಬತೊಡಗುತ್ತಾನೆ. ಒಳ್ಳೆಯ ಉದ್ದೇಶದಿಂದಲೇ ನಾವು ಅವನನ್ನು ಬಾಟಲಿಯ ಪಕ್ಷಕ್ಕೆ ತಳ್ಳಿರುತ್ತೇವೆ. ಬದಲಾಗಬೇಕು ಅನ್ನುವ ಮಾತು ಅವನ ಬಾಯಿಂದ ಬರಬೇಕು. ಬರುವ ಹಾಗೆ ಕೇಳುವುದು, ಬಂದಾಗ ಗುರುತಿಸುವುದು, ಬಂದದ್ದನ್ನು ಕೆಡದಂತೆ ಕಾಯುವುದು, ನಿನ್ನ ಕೆಲಸ ಇಷ್ಟೇ. ಇಷ್ಟನ್ನು ಕಲಿಯಲು ನನಗೆ ಹದಿನೈದು ವರ್ಷ ಹಿಡಿಯಿತು.

2010ರ ಸುಮಾರಿನ ಮಾತು. ರಾಜ್ಯದಲ್ಲಿ ಸಾರಾಯಿ ನಿಷೇಧವಾಗಿ ಮೂರು ವರ್ಷ ಕಳೆದಿತ್ತು. ಸಾರಾಯಿ ಹೋದರೆ ಕುಡಿತವೂ ಹೋಗುತ್ತದೆಂದು ನಂಬಿದ್ದ ಹೆಂಗಸರು ಆಗಲೂ ಗಂಡಂದಿರನ್ನು ಕರೆದುಕೊಂಡು ನಮ್ಮ ಒಪಿಡಿಗೆ ಬರುತ್ತಲೇ ಇದ್ದರು. ಅಂಥ ಒಂದು ಬೆಳಗ್ಗೆ ನಲವತ್ತರ ಆಸುಪಾಸಿನ ಗಾರೆ ಮೇಸ್ತ್ರಿಯೊಬ್ಬನನ್ನು ಹೆಂಡತಿ ಮತ್ತು ಭಾವಮೈದ ಎರಡೂ ಕಡೆ ತೋಳು ಹಿಡಿದುಕೊಂಡೇ ಬಂದರು. “ಕೇಳಿ ಸಿಸ್ಟರ್, ನೀವೇ ಕೇಳಿ. ಮಗಳ ಫೀಸಿನ ದುಡ್ಡನ್ನೂ ಬಿಡ್ಲಿಲ್ಲ” ಎಂದಳು ಆಕೆ. ಅವಳ ಅಳು, ತಮ್ಮನ ಬೈಗುಳ ಎರಡೂ ಮುಗಿಯುವವರೆಗೆ ಅವನು ನೆಲ ನೋಡುತ್ತ ಕೂತಿದ್ದ. ಮುಖದಲ್ಲಿ ಏನೂ ಕದಲಲಿಲ್ಲ. ಅವರಿಬ್ಬರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಟೀ ತರಿಸಿದೆ. ಗ್ಲಾಸಿನ ತುಂಬ ಕೊಟ್ಟದ್ದು ನನ್ನ ತಪ್ಪು. ಎತ್ತಿದ ಕೂಡಲೇ ಅಂಗಿಯ ಮೇಲೆ ತುಳುಕಿತು. ಗ್ಲಾಸನ್ನು ಮೇಜಿನ ಮೇಲಿಟ್ಟು ಎರಡೂ ಕೈಯನ್ನು ತೊಡೆಯ ನಡುವೆ ಅದುಮಿಕೊಂಡ.

“ಕುಡಿಯೋದ್ರಿಂದ ನಿಮಗೇನು ಅನುಕೂಲ ಆಗ್ತಿದೆ?” ಎಂದು ಕೇಳಿದೆ.

ಮೊದಲ ಸಲ ತಲೆ ಎತ್ತಿದ. “ಕೈ ನಿಲ್ಲುತ್ತೆ ಸಿಸ್ಟರ್. ಬೆಳಗ್ಗೆ ಒಂದು ನೈಂಟಿ ಹಾಕ್ದೆ ಕರಣೆ ಹಿಡಿಯೋಕಾಗಲ್ಲ.”

“ಹಾಕಿದ್ಮೇಲೆ ಕೆಲಸ ಸಲೀಸು.”

“ಮೊದ್ಲು ಹಂಗಿತ್ತು. ಈಗ ರಸಮಟ್ಟದ ಗುಳ್ಳೆ ಕಣ್ಣಿಗೆ ನಿಲ್ಲಲ್ಲ. ಮೊನ್ನೆ ನಾನು ಎಬ್ಬಿಸಿದ ಗೋಡೆ ಮನೆಯವ್ರು ಕೆಡವಿಸಿದ್ರು. ನನ್ನ ಕೈಕೆಳಗೆ ಕಲ್ತ ಹುಡುಗನ ಕೈಲಿ ಮತ್ತೆ ಕಟ್ಟಿಸಿದ್ರು.”

ನಾನು ಸುಮ್ಮನಿದ್ದೆ. ತುಂಬ ಹೊತ್ತು ಅನ್ನಿಸಿತು, ಅರ್ಧ ನಿಮಿಷವೂ ಇರಲಾರದು.

“ಇಪ್ಪತ್ತು ವರ್ಷದಲ್ಲಿ ನನ್ನ ಗೋಡೆ ಒಂದೂ ಓರೆ ಬಂದಿರ್ಲಿಲ್ಲ ಸಿಸ್ಟರ್.”

ಮಗಳ ಫೀಸು, ಹೆಂಡತಿಯ ಕಣ್ಣೀರು, ಊರಿನಲ್ಲಿ ಹೋದ ಮರ್ಯಾದೆ, ಎಲ್ಲವೂ ನಿಜವಾದ ಕಾರಣಗಳೇ. ಆದರೆ ಅವು ಬೇರೆಯವರು ಹೊತ್ತು ತಂದ ಕಾರಣಗಳು. ಅವನದು ಗೋಡೆ. ಆ ಗಳಿಗೆಯಲ್ಲಿ ನಾನು “ನೋಡಿದ್ರಾ, ಕುಡಿತದಿಂದ ಕಸುಬೇ ಹಾಳಾಯ್ತು” ಎಂದಿದ್ದರೆ ಅವನು ತಟ್ಟನೆ ತಿರುಗಿ ಆ ಮನೆಯವರು ಎಂಥ ಕೆಟ್ಟವರು ಎಂದು ಶುರು ಮಾಡುತ್ತಿದ್ದ. ಅಂಥವನ್ನು ನೂರು ಸಲ ಕಂಡಿದ್ದೆ. ಹಾಗಾಗಿ ಅವನ ಮಾತನ್ನೇ ಅವನಿಗೆ ಹಿಂದಕ್ಕೆ ಕೊಟ್ಟೆ: “ಗೋಡೆ ನೆಟ್ಟಗಿರೋದು ನಿಮಗೆ ದೊಡ್ಡ ವಿಷಯ.” “ಅದೇ ಅಲ್ವಾ ಸಿಸ್ಟರ್ ಮೇಸ್ತ್ರಿ ಅಂದ್ರೆ” ಎಂದ.

ಆಮೇಲೆ ಆಣೆಯ ಲೆಕ್ಕ ಕೇಳಿದೆ. ಪುಸ್ತಕದಲ್ಲಿ ಇದನ್ನು ಸೊನ್ನೆಯಿಂದ ಹತ್ತರವರೆಗಿನ ಅಳತೆಗೋಲು ಎಂದು ಕಲಿಸುತ್ತಾರೆ. ನಮ್ಮ ಜನಕ್ಕೆ ರೂಪಾಯಿ-ಆಣೆ ಬೇಗ ತಲುಪುತ್ತದೆ. “ಬಿಡೋಕೆ ರೂಪಾಯಿಗೆ ಎಷ್ಟಾಣೆ ಮನಸ್ಸಿದೆ?” ಯೋಚಿಸಿ “ನಾಲ್ಕಾಣೆ ಇರ್ಬೋದು” ಎಂದ. ಇಲ್ಲಿ ಎಲ್ಲರೂ ಎಡವುತ್ತಾರೆ, ನೀನು ಎಡವಬೇಡ. “ಬರೀ ನಾಲ್ಕಾಣೆನಾ?” ಎಂದರೆ ಅವನು ಉಳಿದ ಹನ್ನೆರಡಾಣೆಯ ಕಾರಣಗಳನ್ನು ಎಣಿಸುತ್ತಾನೆ. “ಒಂದಾಣೆನೂ ಇಲ್ಲ ಅನ್ಬೋದಿತ್ತಲ್ಲ, ನಾಲ್ಕಾಣೆ ಯಾಕೆ?” ಎಂದು ಕೇಳಬೇಕು. ಆಗ ಅವನು ಬಿಡುವುದಕ್ಕೆ ಕಾರಣ ಹೇಳುತ್ತಾನೆ. ಮೇಸ್ತ್ರಿ ಗೋಡೆ ಎಂದ, ಆ ಹುಡುಗನ ಮುಂದೆ ತಲೆ ಎತ್ತುವುದು ಹೇಗೆ ಎಂದ, ಮತ್ತೆ ತಾನಾಗಿಯೇ, ಮಗಳು ಬಸ್ಸಿನಲ್ಲಿ ತನ್ನ ಪಕ್ಕ ಕೂರುವುದಿಲ್ಲ ಎಂದ. ಫೀಸಿನ ದುಡ್ಡಿನ ಬೈಗುಳಕ್ಕೆ ಕದಲದ ಮುಖ ಅದನ್ನು ಹೇಳುವಾಗ ಕದಲಿತು.

ಇನ್ನೂ ಒಂದು ಕೇಳಿದೆ: “ಬಿಡ್ಬೇಕು ಅಂತ ಕೂತ್ರೆ ಆಗುತ್ತೆ ಅನ್ನೋ ಧೈರ್ಯ ಎಷ್ಟಾಣೆ?” “ಒಂದಾಣೆನೂ ಇಲ್ಲ” ಎಂದುಬಿಟ್ಟ. ಹಿಂದೆ ಎರಡು ಸಲ ಬಿಟ್ಟಿದ್ದನಂತೆ. ಎರಡನೇ ಸಲ ಭಾವಮೈದನ ಮನೆಯಲ್ಲಿ, ಮಾರನೆಯ ದಿನವೇ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡು ಬಿದ್ದಿದ್ದನಂತೆ. ಹೆಂಡತಿ ಕಣ್ಣಿಗೆ ಮೊಂಡನಂತೆ ಕಂಡವನು ಒಳಗೆ ಹೆದರಿದ್ದ. ಬಿಡುವ ಆಸೆ ಬೇರೆ, ಬಿಟ್ಟೇನು ಅನ್ನುವ ಧೈರ್ಯ ಬೇರೆ. ಧೈರ್ಯ ಕಳಕೊಂಡವರು ಮಾನ ಉಳಿಸಿಕೊಳ್ಳಲು ‘ನನಗೇ ಬೇಡ’ ಅನ್ನುತ್ತಾರೆ. ನೀನು ಎರಡನ್ನೂ ಬೇರೆಬೇರೆಯಾಗಿ ಕೇಳು.

ಆ ಫಿಟ್ಸಿನ ವಿಷಯ ಬಂದದ್ದರಿಂದ ಇದನ್ನು ಮಾತ್ರ ಬಾಯಿಪಾಠ ಮಾಡಿಕೋ. ದಿನಾ ಬೆಳಗ್ಗೆಯಿಂದ ಕುಡಿಯುವವನಿಗೆ “ಇವತ್ತಿಂದ್ಲೇ ನಿಲ್ಲಿಸಿ” ಎಂದು ಯಾವತ್ತೂ ನೀನಾಗಿ ಹೇಳಬೇಡ. ನಿಲ್ಲಿಸಿದ ಕೆಲವೇ ಗಂಟೆಯಲ್ಲಿ ನಡುಕ, ಬೆವರು ಶುರು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಸನ್ನಿ ಹಿಡಿದು ಹಗಲು ರಾತ್ರಿ ತಿಳಿಯದೆ, ಇಲ್ಲದ ಹುಳ ಹಾವು ಕಂಡು ಕೂಗಾಡಬಹುದು. ಉಪಚಾರವಿಲ್ಲದಿದ್ದರೆ ಪ್ರಾಣಕ್ಕೇ ಕುತ್ತು. ಡಾಕ್ಟರ ಕೈಗೆ ಒಪ್ಪಿಸಿದರೆ ಇದನ್ನು ಮಾತ್ರೆಗಳಿಂದ ಹದ್ದುಬಸ್ತಿನಲ್ಲಿಡುತ್ತಾರೆ. ಮೆದುಳಿಗೆ ಪೆಟ್ಟಾಗದಂತೆ ಥಯಾಮಿನ್, ಅಂದರೆ ಬಿ1, ಇಂಜೆಕ್ಷನ್ ಕೊಡುತ್ತಾರೆ. ಮೇಸ್ತ್ರಿಗೂ ಹಾಗೇ ಆಯಿತು. “ಈ ಸಲ ಫಿಟ್ಸ್ ಬರದ ಹಾಗೆ ನೋಡ್ಕೊಳ್ಳೋಕೆ ಇಲ್ಲಿ ದಾರಿ ಇದೆ, ಹೇಳ್ಲಾ?” ಎಂದು ಕೇಳಿದೆ. ಹೇಳಿ ಎಂದ ಮೇಲೆಯೇ ಹೇಳಿದೆ. ಅವನೇ ಅಡ್ಮಿಷನ್ ಕಾಗದಕ್ಕೆ ಸಹಿ ಹಾಕಿದ. ಓರೆಕೋರೆ ಸಹಿ.

ಆಣೆಯ ಮಾತಾಡಿದೆನಲ್ಲ, ಇನ್ನೊಂದು ಆಣೆ ನಮ್ಮ ಮನೆಯಲ್ಲೇ ನಡೆದಿದೆ. ನಿಮ್ಮಮ್ಮ ನಿನಗೆ ಇದನ್ನು ಹೇಳಿರಲಾರಳು.

ನಿನ್ನ ಸೋದರಮಾವನನ್ನು ನೀನು ಕಂಡದ್ದು ಗೋಡೆಯ ಫೋಟೋದಲ್ಲಿ ಮಾತ್ರ. ಜವಳಿ ಅಂಗಡಿ ಇಟ್ಟಿದ್ದ. ನಿಮ್ಮಮ್ಮನ ಮದುವೆಯಲ್ಲಿ ಮೂರು ದಿನ ನಿದ್ದೆಯಿಲ್ಲದೆ ಓಡಾಡಿದವನು. ಕುಡಿತ ಯಾವಾಗ ಕೈ ಮೀರಿತೋ ನಮಗೆ ತಿಳಿಯಲಿಲ್ಲ. 1998ರ ಯುಗಾದಿಯ ದಿನ, ಬೇವುಬೆಲ್ಲ ಹಂಚುವ ಮೊದಲು, ದೇವರ ಮನೆಯ ಮುಂದೆ ಕೂರಿಸಿ ಅಮ್ಮನ ತಲೆ ಮುಟ್ಟಿಸಿ ಆಣೆ ಮಾಡಿಸಿದೆವು. ಮಾಡಿಸಿದವಳು ನಾನೇ. ಐವತ್ತು ದಿನ ಒಂದು ಹನಿ ಮುಟ್ಟಲಿಲ್ಲ. ಊರಹಬ್ಬದ ರಾತ್ರಿ ಕಾಲು ಜಾರಿತು. ಮಾರನೆಯ ಸಂಜೆ ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ನನಗೆ ಫೋನ್ ಮಾಡಿದ. “ಅಕ್ಕಾ” ಎಂದ, ಅಷ್ಟೇ. ದನಿಯಲ್ಲೇ ತಿಳಿಯಿತು. “ಅಮ್ಮನ ತಲೆ ಮುಟ್ಟಿದ್ಯಲ್ಲೋ, ನಾಚ್ಕೆ ಆಗಲ್ವಾ ನಿಂಗೆ?” ಎಂದೆ. ಆ ಕಡೆ ಕಂಡಕ್ಟರ್ ಊರಿನ ಹೆಸರು ಕೂಗುವುದು ಕೇಳಿಸುತ್ತಿತ್ತು. ಅವನು ಫೋನಿಟ್ಟ. ಆಮೇಲೆ ತಾನಾಗಿ ಎಂದೂ ಫೋನ್ ಮಾಡಲಿಲ್ಲ. ಹಬ್ಬಕ್ಕೆ ಬರುವುದು ನಿಂತಿತು. ಅಮ್ಮನಿಗೆ ಒಂದು ಜ್ವರ ಬಂದರೂ ತನ್ನ ಆಣೆ ಮುರಿದದ್ದರಿಂದಲೇ ಎಂದು ಕೊರಗಿ ಅದಕ್ಕೂ ಕುಡಿಯುತ್ತಿದ್ದನೆಂದು ಅಂಗಡಿಯ ಹುಡುಗ ನಮಗೆ ಹೇಳಿದ್ದು ಎಲ್ಲ ಮುಗಿದ ಮೇಲೆ. 2000ದಲ್ಲಿ ಲಿವರ್ ಕೆಟ್ಟು ಹೋದ. ಮೂವತ್ತೆಂಟು ವಯಸ್ಸು.

ಆಣೆ ಮಾಡಿಸಿದ್ದು ಪ್ರೀತಿಯಿಂದಲೇ. ಆದರೆ ಎಡವಿದವನು ವಾಪಸು ಬರುವ ಬಾಗಿಲನ್ನು ಆಣೆಯೇ ಮುಚ್ಚಿತು. ಬಿಡುವ ದಾರಿಯಲ್ಲಿ ಎಡವುವುದು ರೋಗದ ಒಂದು ಗುಣ, ಜ್ವರ ಇಳಿದು ಮತ್ತೆ ಏರಿದ ಹಾಗೆ. ಆಣೆ ಅದನ್ನು ಪಾಪ ಮಾಡಿಬಿಡುತ್ತದೆ. ನಿನ್ನ ಕೇಂದ್ರಕ್ಕೆ ಬರುವ ಮನೆಮಂದಿ ಮಕ್ಕಳ ತಲೆ ಮುಟ್ಟಿಸಲು ಹೊರಟರೆ ದಯವಿಟ್ಟು ತಡೆ.

ಅವನು ಹೋದ ನಾಲ್ಕು ವರ್ಷಕ್ಕೆ ನನ್ನನ್ನು ನಿಮ್ಹಾನ್ಸಿಗೆ ತರಬೇತಿಗೆ ಕಳಿಸಿದರು. ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ಹೆಸರು ಅಲ್ಲಿ ಕೇಳಿದೆ. ಅವರು 1982ರಲ್ಲಿ ನಾರ್ವೆಯ ಬರ್ಗೆನ್‌ನಲ್ಲಿದ್ದಾಗ ಅಲ್ಲಿನ ಕಿರಿಯ ಮನಶ್ಶಾಸ್ತ್ರಜ್ಞರು ರೋಗಿಯ ಪಾತ್ರ ತಾವೇ ವಹಿಸಿ, ನಡುನಡುವೆ ತಡೆದು, ಈಗ ಈ ಪ್ರಶ್ನೆ ಯಾಕೆ ಕೇಳಿದಿರಿ, ಅದನ್ನು ಬಿಟ್ಟು ಇದನ್ನೇ ಯಾಕೆ ಹೇಳಿದಿರಿ ಎಂದು ವಿಚಾರಿಸುತ್ತಿದ್ದರಂತೆ. ತಾವು ಏನು ಮಾಡುತ್ತಿದ್ದೇವೆ ಎಂಬುದು ಮಿಲ್ಲರ್‌ಗೆ ಸ್ಪಷ್ಟವಾದದ್ದು ಆ ಕಿರಿಯರಿಗೆ ಉತ್ತರ ಹೇಳುತ್ತ ಹೇಳುತ್ತ. 1983ರಲ್ಲಿ ಅದನ್ನು ಲೇಖನವಾಗಿ ಬರೆದರು, 1991ರಲ್ಲಿ ಸ್ಟೀಫನ್ ರಾಲ್ನಿಕ್ ಜೊತೆ ಪುಸ್ತಕ ಮಾಡಿದರು. ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಎಂದು ಅದರ ಹೆಸರು. ಸಂದರ್ಶನ ಎಂದರೆ ನಮಗೆ ನೌಕರಿಯ ನೆನಪಾಗುತ್ತದೆ, ಅದಕ್ಕೆ ನಾನು ‘ಮನಸ್ಸು ಕೇಳೋದು’ ಎನ್ನುತ್ತಿದ್ದೆ. ಮಿಲ್ಲರ್ ಮತ್ತು ಜೊತೆಗಾರರ 1993ರ ಒಂದು ಅಧ್ಯಯನವನ್ನೂ ಅಲ್ಲಿ ಓದಿಸಿದರು. ಸಲಹೆ ಕೊಡುವವರು ಎಷ್ಟೆಷ್ಟು ಎದುರುಬಿದ್ದು ವಾದಿಸಿದ್ದರೋ, ಒಂದು ವರ್ಷದ ನಂತರ ಎದುರು ಕೂತಿದ್ದವರ ಕುಡಿತ ಅಷ್ಟಷ್ಟು ಹೆಚ್ಚಾಗಿತ್ತು. ಆ ಸಾಲು ಓದುವಾಗ ನನ್ನ ಕಿವಿಯಲ್ಲಿ ಕಂಡಕ್ಟರನ ಕೂಗು. ಎದ್ದು ಹೊರಗೆ ಹೋಗಿ ಮರದ ಕೆಳಗೆ ನಿಂತುಕೊಂಡೆ.

ನೀನು ಡಾಕ್ಟರಲ್ಲ ಎಂದು ಅಳುಕಬೇಡ. ಪಕ್ಕದ ಗೋವಾದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ಕುಡಿತ ಹಾನಿಯ ಮಟ್ಟ ಮುಟ್ಟಿದ್ದ ಗಂಡಸರ ಜೊತೆ ತರಬೇತಿ ಪಡೆದ ಸಾಮಾನ್ಯ ಜನ ಕೂತು ಇದೇ ಬಗೆಯಲ್ಲಿ ಮಾತಾಡಿದರು. ಹೆಚ್ಚೆಂದರೆ ನಾಲ್ಕು ಸಲ. ಮೂರು ತಿಂಗಳ ನಂತರ ಅವರಲ್ಲಿ ನೂರಕ್ಕೆ 36 ಮಂದಿಯ ಕುಡಿತ ಅಪಾಯದ ಗೆರೆಯಿಂದ ಕೆಳಗಿಳಿದಿತ್ತು. ಮಾಮೂಲಿ ಉಪಚಾರ ಮಾತ್ರ ಸಿಕ್ಕವರಲ್ಲಿ 26. ಇದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಹತ್ತು ಮಂದಿಯ ವ್ಯತ್ಯಾಸ ಸಣ್ಣದೆಂದು ನಿನಗೆ ಕಂಡೀತು. ಆ ಹತ್ತು ಮನೆಗಳ ಸಂಜೆ ನೆನೆಸಿಕೊಂಡು ನೋಡು.

ಮನೆಯವರು ಕದ್ದು ಮಾಡುವ ಇನ್ನೊಂದು ಕೆಲಸದ ಬಗ್ಗೆ ಹೇಳಬೇಕು. ‘ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ’ ಎಂಬ ಜಾಹೀರಾತು ಬಸ್ಸಿನ ಹಿಂಬದಿಯಲ್ಲೂ ಗೋಡೆಗಳ ಮೇಲೂ ನೀನು ನೋಡಿರುತ್ತೀಯ. ಅಂಥ ಪುಡಿಗಳಲ್ಲಿ ಏನಿದೆಯೋ ಬೆರೆಸುವವರಿಗೂ ತಿಳಿದಿರುವುದಿಲ್ಲ. ಡೈಸಲ್ಫಿರಾಂ ಎಂಬ ಮಾತ್ರೆಯನ್ನೂ ಹೀಗೆ ಪುಡಿ ಮಾಡಿ ಸಾರಿಗೆ ಹಾಕುವವರಿದ್ದಾರೆ. ಅದು ಒಳ್ಳೆಯ ಔಷಧಿಯೇ. ಕುಡಿದರೆ ಏನಾಗುತ್ತದೆಂದು ತಿಳಿದು, ಒಪ್ಪಿ, ಡಾಕ್ಟರ ನಿಗಾದಲ್ಲಿ ನುಂಗುವವನಿಗೆ ಮಾತ್ರ. ತಿಳಿಯದೆ ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಇಳಿದು ಸಾಯಲೂಬಹುದು. ಒಂದು ರಾತ್ರಿ ಹಾಗೆ ಒಬ್ಬರನ್ನು ತಂದರು. ಹೃದಯಾಘಾತವೆಂದೇ ಎಲ್ಲರೂ ಓಡಾಡುತ್ತಿದ್ದೆವು. ಒಂದು ಗಂಟೆಯ ಮೇಲೆ ಹೆಂಡತಿ ನನ್ನ ಸೆರಗು ಹಿಡಿದು ಮೂಲೆಗೆ ಕರೆದು ಹೇಳಿದಳು. ಆತ ಉಳಿದ. ಆದರೆ ವಾರ್ಡಿನಲ್ಲಿದ್ದಷ್ಟು ದಿನವೂ ಅವಳು ತಂದ ಕ್ಯಾರಿಯರ್ ಮುಟ್ಟಲಿಲ್ಲ. ಪಕ್ಕದ ಮಂಚದವರಿಂದ ಹೋಟೆಲಿನ ಇಡ್ಲಿ ತರಿಸಿಕೊಂಡು, ಗೋಡೆ ಕಡೆ ತಿರುಗಿ ತಿನ್ನುತ್ತಿದ್ದ. ಅವಳು ಕ್ಯಾರಿಯರ್ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು.

ಈಗ ಮನೋರೋಗದ ಮಾತು. ನಿನ್ನ ಹತ್ತಿರ ಬರುವ ಬಹಳ ಮಂದಿಯಲ್ಲಿ ಎರಡೂ ಹೆಣೆದುಕೊಂಡಿರುತ್ತವೆ. ಯಾವುದು ಮೊದಲು ಎಂದು ಜಗಳವಾಡಬೇಡ, ಎರಡಕ್ಕೂ ಒಟ್ಟಿಗೇ ಉಪಚಾರ ಬೇಕು. ಹಳ್ಳಿಯಿಂದ ಒಬ್ಬ ಹುಡುಗ ಬಂದಿದ್ದ, ಬಿ.ಕಾಂ. ಮುಗಿಸಿದವನು. ಪಕ್ಕದ ಹೊಲದ ಪಂಪ್‌ಸೆಟ್ ಓಡಿದಾಗಲೆಲ್ಲ ಅದರ ಸದ್ದಿನೊಳಗೆ ತನ್ನನ್ನು ಬೈಯುವುದು ಕೇಳಿಸುತ್ತದೆ ಎನ್ನುತ್ತಿದ್ದ. ರಾತ್ರಿ ನಿದ್ದೆಗೆಂದು ಕುಡಿಯುತ್ತಿದ್ದ. “ಬರೀ ಮೋಟ್ರು ಸದ್ದು ಕಣೋ ಅದು, ಹುಚ್ಚುಚ್ಚಾಗಿ ಮಾತಾಡ್ಬೇಡ” ಎಂದು ಅಪ್ಪ ಹೇಳಿದಷ್ಟೂ ಅವನು ಬಾಯಿ ಮುಚ್ಚಿಕೊಂಡ. ಇಂಥ ಕಾಯಿಲೆಯಲ್ಲಿ ತನಗೆ ಕಾಯಿಲೆಯಿದೆ ಎಂದು ತಿಳಿಯದಿರುವುದೂ ಹಲವರಲ್ಲಿ ಕಾಯಿಲೆಯದೇ ಲಕ್ಷಣ. ಅಮೆರಿಕದ ಜೇವಿಯರ್ ಅಮಡಾರ್ ಎಂಬ ಮನಶ್ಶಾಸ್ತ್ರಜ್ಞರು ಸ್ಕಿಜೋಫ್ರೇನಿಯಾ ಇದ್ದ ಸ್ವಂತ ಅಣ್ಣನ ಜೊತೆ ವರ್ಷಗಟ್ಟಲೆ ವಾದಿಸಿ, ಸೋತ ಮೇಲೆ ಇದನ್ನು ಕಂಡುಕೊಂಡು ಬರೆದರು. ಅವರೂ ನನ್ನ ಹಾಗೆ ಮನೆಯಲ್ಲಿ ಕಲಿತವರು.

ನಾನು ಆ ಹುಡುಗನಿಗೆ ಹೇಳಿದ್ದು: “ನಂಗೆ ಆ ದನಿ ಕೇಳ್ಸಲ್ಲ ಕಣಪ್ಪ. ನಿಂಗೆ ಕೇಳ್ಸುತ್ತೆ, ಹೆದರ್ಕೆ ಆಗುತ್ತೆ, ಅದು ಸುಳ್ಳಲ್ಲ. ರಾತ್ರಿ ಹೆಂಗೆ ಕಳೀತೀಯ?” ಆಮೇಲೆ ಮಾತು ನಿದ್ದೆಯ ಸುತ್ತ ನಡೆಯಿತು. ಅವನಿಗೆ ಬೇಕಾದದ್ದು ಎರಡೇ. ರಾತ್ರಿ ನಿದ್ದೆ, ಮತ್ತೆ ಮೊದಲಿನ ಹಾಗೆ ಕ್ಯಾನು ಹಿಡಿದು ಡೈರಿಗೆ ಹೋಗಿ ಸಾಲಿನಲ್ಲಿ ನಿಂತು ಹಾಲು ಹಾಕಿ ಬರುವುದು. ಮೋಸ ಮಾಡಿ ಮಾತ್ರೆ ಕೊಡಲಿಲ್ಲ. “ಡಾಕ್ಟ್ರು ಇದನ್ನ ಆ ದನಿಗೆ ಅಂತ್ಲೇ ಕೊಡೋದು. ನಿಂಗೆ ನಿದ್ದೆಗೂ ಹೆದರ್ಕೆಗೂ ಆಗುತ್ತೆ, ನೋಡ್ತೀಯಾ?” ಎಂದೆ. ನೋಡ್ತೀನಿ ಎಂದ. ಹಗಲಲ್ಲೂ ತೂಕಡಿಕೆ ಬರುತ್ತದೆಂದು ಎರಡನೇ ವಾರ ಮಾತ್ರೆ ಬಿಟ್ಟ. ಅದನ್ನು ಹಟ ಎಂದುಕೊಳ್ಳಬೇಡ, ಡಾಕ್ಟರಿಗೆ ತಿಳಿಸಬೇಕಾದ ದೂರು ಅದು. ಮಾತ್ರೆಯ ಅಳತೆ ಬದಲಾಯಿತು. ಮೂರನೇ ತಿಂಗಳಲ್ಲಿ ಡೈರಿಯ ಹಾಲಿನ ಪುಸ್ತಕ ತಂದು ತೋರಿಸಿದ. ಬೆಳಗ್ಗೆ ಸಂಜೆ ಎರಡೂ ಹೊತ್ತಿನ ಲೀಟರು, ಫ್ಯಾಟು ಬರೆದಿತ್ತು.

ಖಿನ್ನತೆಯವರಿಗೆ ಮಾತ್ರ ಬೇರೆ ಲೆಕ್ಕ. ಅವರು ‘ಮನಸ್ಸು ಬಂದ್ಮೇಲೆ ಏಳ್ತೀನಿ’ ಎನ್ನುತ್ತಾರೆ, ಆ ಮನಸ್ಸನ್ನೇ ಕಾಯಿಲೆ ತಿಂದಿರುತ್ತದೆ. ಧೈರ್ಯ ತಗೋ, ದೇವರಿದ್ದಾನೆ ಎಂದರೆ ತಮ್ಮಲ್ಲೇ ಏನೋ ಕೊರತೆ ಎಂದು ಇನ್ನಷ್ಟು ಕುಗ್ಗುತ್ತಾರೆ. ಸಣ್ಣ ಕೆಲಸ ಮೊದಲು, ಮನಸ್ಸು ಆಮೇಲೆ. ಮುಖ ತೊಳೆದು ಬಾಗಿಲವರೆಗೆ ಬಂದರೂ ಆ ದಿನಕ್ಕೆ ಸಾಕು.

ಮನೆಯವರನ್ನು ಹೊರಗಿನ ಬೆಂಚಿನಲ್ಲೇ ಮರೆಯಬೇಡ. ಕೇಂದ್ರಕ್ಕೆ ಕಾಲಿಡಲು ಒಪ್ಪದವರನ್ನು ಮನೆಯವರ ಮೂಲಕ ಕರೆತರುವ ಬಗೆಗಳನ್ನು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಹೋಲಿಸಿ ನೋಡಿ 1999ರಲ್ಲಿ ಪ್ರಕಟಿಸಿದರು. ಎಲ್ಲರೂ ಸೇರಿ ಸುತ್ತುವರಿದು ಒತ್ತಾಯಿಸುವ ಬಗೆಯಲ್ಲಿ ನೂರಕ್ಕೆ 30 ಮಂದಿ ಉಪಚಾರಕ್ಕೆ ಬಂದರು. ಮನೆಯವರಿಗೇ ನಡೆದುಕೊಳ್ಳುವ ರೀತಿ ಕಲಿಸಿದಾಗ 64 ಮಂದಿ ಬಂದರು. ಕಲಿಸಿದ್ದೇನು ಗೊತ್ತಾ? ಕುಡಿದು ಬಂದ ರಾತ್ರಿ ವಾದಕ್ಕೆ ನಿಲ್ಲಬೇಡಿ. ಕುಡಿಯದೆ ಬಂದ ಸಂಜೆ ಜೊತೆಗೆ ಕೂತು ಊಟ ಮಾಡಿ, ಸಂತೋಷವಾಯಿತೆಂದು ಬಾಯಿಬಿಟ್ಟು ಹೇಳಿ. ಅವನ ರಜೆಗೆ ನೀವು ಸುಳ್ಳು ಹೇಳಬೇಡಿ, ಅವನ ಸಾಲ ನೀವು ತೀರಿಸಬೇಡಿ. ನಿಮ್ಮ ಬದುಕು, ಆರೋಗ್ಯ ಬಿಡಬೇಡಿ. ನಮ್ಮ ಮನೆಗಳಲ್ಲಿ ನಡೆಯುವುದು ಪೂರ್ತಿ ತಿರುವುಮುರುವು. ಕುಡಿದ ರಾತ್ರಿ ಇಡೀ ಬೀದಿಗೆ ಕೇಳುವ ಜಗಳ, ಕುಡಿಯದ ದಿನ ಬಿಗಿದ ಮೌನ.

ಆದರೆ ಹೊಡೆತ ತಿನ್ನುವ ಹೆಂಗಸಿಗೆ ನೀನು ಇದನ್ನು ಮೊದಲ ಪಾಠವಾಗಿ ಹೇಳಬಾರದು. ಅವಳಿಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ, 181 ಸಹಾಯವಾಣಿ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ತಿಳಿವಳಿಕೆ. ಗಂಡನನ್ನು ಬದಲಾಯಿಸುವ ಹೊರೆ ಅವಳ ತಲೆಗೆ ಕಟ್ಟಬೇಡ.

ಮನಸ್ಸು ಬರಲಿ ಎಂದು ಕಾಯಬಾರದ ಹೊತ್ತೂ ಇದೆ. ಸಾಯುವ ಮಾತಿನ ಸುಳಿವು ಸಿಕ್ಕರೆ ನೇರವಾಗಿ ಕೇಳು: “ಸಾಯ್ಬೇಕು ಅನ್ಸುತ್ತಾ? ಹೆಂಗೆ ಅಂತ ಯೋಚ್ನೆ ಮಾಡಿದ್ದೀರಾ?” ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೊತ್ತವರಿಗೆ ಇಳಿಸಲು ಜಾಗ ಸಿಗುತ್ತದೆ. ಒಂಟಿಯಾಗಿ ಬಿಡಬೇಡ, ಡಾಕ್ಟರಿಗೆ ತಿಳಿಸು, ಮನೆಯಲ್ಲಿರುವ ಕ್ರಿಮಿನಾಶಕದ ಡಬ್ಬಿ ದೂರ ಇಡಿಸು. ಅಪಾಯದಲ್ಲಿದ್ದು ತಾನಾಗಿ ನಿರ್ಧರಿಸುವ ಸ್ಥಿತಿಯಲ್ಲಿ ಇಲ್ಲದವರನ್ನು ಹತ್ತಿರದವರ ಅರ್ಜಿಯ ಮೇಲೆ ದಾಖಲಿಸಿಕೊಳ್ಳಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ದಾರಿಯಿದೆ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆಸು.

ಬಂದವರು ಒಬ್ಬೊಬ್ಬರೂ ಎಷ್ಟು ದೂರದಿಂದ ಬಂದವರು ಎಂಬುದಕ್ಕೆ ಒಂದೇ ಲೆಕ್ಕ ಹೇಳುತ್ತೇನೆ. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್‌ನವರು ಮಾಡಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡವರಲ್ಲಿ 38 ಮಂದಿಗೆ ಒಬ್ಬರಷ್ಟೇ ಯಾವುದಾದರೂ ಉಪಚಾರ ಪಡೆದಿದ್ದರು. ನಿನ್ನ ಬಾಗಿಲಲ್ಲಿ ಚಪ್ಪಲಿ ಬಿಡುವವನು ಆ ಒಬ್ಬ. ಅವನನ್ನು ರಿಜಿಸ್ಟರಿನಲ್ಲಾಗಲಿ ಸಹೋದ್ಯೋಗಿಗಳ ಮಾತಿನಲ್ಲಾಗಲಿ ‘ಕುಡುಕ’ ಎನ್ನಬೇಡ, ‘ಕೇಸು’ ಅಂತಲೂ ಅನ್ನಬೇಡ. ಹೆಸರಿದೆಯಲ್ಲ.

ಮೇಸ್ತ್ರಿ ಏನಾದ ಎಂದು ಕೇಳುತ್ತೀಯ. ಹನ್ನೊಂದು ತಿಂಗಳು ಚೆನ್ನಾಗಿದ್ದ. ಒಂದು ಗೃಹಪ್ರವೇಶದ ದಿನ, ತಾನೇ ಕಟ್ಟಿದ ಮನೆಯಲ್ಲಿ, ಯಾರೋ ಬಲವಂತ ಮಾಡಿದರೆಂದು ಶುರುವಾಗಿ ಎರಡು ವಾರ ಕುಡಿದ. ಒಂದು ಬೆಳಗ್ಗೆ ಒಬ್ಬನೇ ಬಂದು ಒಪಿಡಿ ಬಾಗಿಲ ಹೊರಗೆ ನಿಂತಿದ್ದ. ಒಳಗೆ ಬರುತ್ತಿಲ್ಲ, ಹೋಗುತ್ತಲೂ ಇಲ್ಲ. ನಾನೇ ಎದ್ದು ಹೋದೆ. “ಮತ್ತೆ ಬಂದೆ ಸಿಸ್ಟರ್” ಎಂದ. “ಬಂದ್ರಲ್ಲ, ಬನ್ನಿ ಕೂತ್ಕೊಳ್ಳಿ” ಎಂದೆ. ಈ ಸಲ ಟೀ ಅರ್ಧ ಗ್ಲಾಸು ಮಾತ್ರ ತರಿಸಿದೆ. ಹನ್ನೊಂದು ತಿಂಗಳು ಹೇಗೆ ಸಾಧ್ಯವಾಯಿತು ಎಂಬುದನ್ನು ಮೊದಲು ಕೇಳಿದೆ, ಎರಡು ವಾರದ ಮಾತು ಆಮೇಲೆ. ಅದಾದ ಮೇಲೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರವೊಂದಕ್ಕೆ ತಾನಾಗಿ ಸೇರಿದ. ಬಿಟ್ಟವರೆಲ್ಲ ಸೇರುವ ಅವರ ನವಜೀವನ ಸಮಿತಿಗೆ ಹೋಗುತ್ತಿದ್ದ. ನಾನು ನಿವೃತ್ತಳಾಗುವವರೆಗೆ ಇನ್ನೂ ಒಂದು ಸಲ ಎಡವಿದ್ದ. ಆಗಲೂ ಬಂದಿದ್ದ.

ಸೋಮವಾರ ಹೋದವಳು ಮೊದಲು ನಿನ್ನ ಕೋಣೆಯ ಫೋನ್ ಸರಿಯಾಗಿದೆಯೇ ನೋಡು. ಸಂಜೆ ಕೇಂದ್ರದ ಬಾಗಿಲು ಹಾಕುವ ಹೊತ್ತಿಗೆ ಬರುವ ಕರೆಗಳನ್ನು ಬಿಡಬೇಡ, ಜಾರಿದವರು ಫೋನ್ ಮಾಡುವುದು ಆ ಹೊತ್ತಿನಲ್ಲೇ. ಆ ಕಡೆಯಿಂದ ನಿನ್ನ ಹೆಸರೊಂದೇ ಬಂದು ಮಾತು ನಿಂತುಹೋದರೂ ನೀನು ಇಡಬೇಡ. ಎಲ್ಲಿದ್ದೀರಿ ಅಂತ ಕೇಳು. ಊಟ ಆಯ್ತಾ ಅಂತ ಕೇಳು.

ನಿನ್ನ ದೊಡ್ಡಮ್ಮ